ಖಾಲಿ ತಕ್ಕಡಿಯ ಮುಳ್ಳು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸಭಾಂಗಣದಲ್ಲಿ, ಎಡಗಡೆಯ ಎರಡನೇ ಕಿಟಕಿಗೆ ಬೆನ್ನು ಹಚ್ಚಿ ನಿಂತಿದ್ದೆ. ಮೇಜು ನನ್ನಿಂದ ಆರು ಹೆಜ್ಜೆ. ಇಷ್ಟು ಖಚಿತವಾಗಿ ಏಕೆ ಹೇಳುತ್ತೇನೆಂದರೆ, ನಾನು ಹೇಳುವ ನಮ್ಮ ಕಾಕಾನ ಕಥೆಗಳನ್ನು ಯಾರೂ ನಂಬುವುದಿಲ್ಲ! ಯಮ ಬಂದರೂ ಪಾಶದ ಉದ್ದ ಅಳೆದು, "ಸರಕಾರಿ ಮುದ್ರಿ ಎಲ್ಲೈತಿ?" ಎಂದು ಕೇಳುವ ಮನುಷ್ಯ ಅವರು.

ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ನಿವೃತ್ತರಾದರು, ನಿಲ್ಲಲಿಲ್ಲ. "ತಕ್ಕಡಿಗೆ ಕೈ ಹಚ್ಚಬ್ಯಾಡ!" ಎಂಬ ಅವರ ಗರ್ಜನೆಗೆ ಸಪ್ತಾಪುರದ ಕಾಯಿಪಲ್ಯ ಮಾರುವವಳು ಎರಡೂ ಕೈ ಮೇಲೆತ್ತುತ್ತಿದ್ದಳು, ಪೊಲೀಸರಿಗೆ ಶರಣಾದಂತೆ! ಮನೆಯಲ್ಲಾದರೂ ಸುಮ್ಮನಿದ್ದರೇ? ಅವರ ಹೆಂಡತಿ, ನಮ್ಮ ಕಾಕು, ಉಪ್ಪು ಒಂದು ಚಿಟಿಕೆ ಎಂದರೆ, "ಯಾರ ಚಿಟಿಕಿ?"

"ನಿಮ್ಮನ್ನ ಕಟ್ಟಿಕೊಂಡ ಕರ್ಮದ ಚಿಟಿಕಿ!"

ಆ ಕಾಕುಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಡಾಕ್ಟರು ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿ, "ಈ ರೋಗಕ್ಕ ಕೊಡೂ ಗುಳಿಗಿ ನಿಮಗ ಹತ್ತೂದಿಲ್ರಿ, ಗುಣಾ ಆಗೂದಿಲ್ಲ" ಎಂದು ಬೇರೆ ಔಷಧ ಬರೆದರು. ಗಡ್ಡೆ ಬದಲಾಗಿದೆಯೇ ಎಂದು ನೋಡಲು ನಾಲ್ಕು ತಿಂಗಳಲ್ಲಿ ಎರಡನೇ ಪರೀಕ್ಷೆ ಬೇಕಾಯಿತು. ಅದರ ಖರ್ಚು ನಮ್ಮ ಕೈಗೆ ಮೀರಿದ್ದು. ಇಂಥ ಪರೀಕ್ಷೆಯಿಂದ ಎಷ್ಟು ಲಾಭ ಎಂದು ಒಬ್ಬೊಬ್ಬ ಡಾಕ್ಟರು ಒಂದೊಂದು ರೀತಿ ಲೆಕ್ಕ ಹಾಕುತ್ತಿದ್ದರು. ಎಲ್ಲರಿಗೂ ಒಂದೇ ಅಳತೆ ಗೊತ್ತುಮಾಡಲು ಅಂದಿನ ಸಭೆ. ಆ ಅಳತೆಯಲ್ಲಿ ಮೊದಲ ಪರೀಕ್ಷೆಗೆ ಅಂಕ ಬಂದರೆ ಮಾತ್ರ ಮುಂದಿನದು ಉಚಿತ. ರೋಗಿಗಳಿಗೂ ಮನೆಯವರಿಗೂ ಕರೆ ಇತ್ತು.

"ಒಂದ ಅಳತಿ!" ಕಾಕಾ ಹಬ್ಬದಂತೆ ಹೊಸ ಅಂಗಿ ತೊಟ್ಟು ಬಂದಿದ್ದರು.

ಹಾಳೆ ಹಂಚಿದರು. ಪರೀಕ್ಷೆಯಲ್ಲಿ ಗುಳಿಗೆ ಹತ್ತುತ್ತದೆಂದು ತಿಳಿದರೆ ಹತ್ತು ಅಂಕ. ಹತ್ತುವುದಿಲ್ಲವೆಂದು ತಿಳಿದರೆ ಸೊನ್ನೆ. ಅಂದರೆ ಕಾಕುನ ಪರೀಕ್ಷೆಗೆ ಸೊನ್ನೆ, ಮುಂದಿನದು ಇಲ್ಲ.

ಕಾಕಾ ಎದ್ದರು. "ಈ ಸೊನ್ನಿ ಯಾರ ತೂಗ್ಯಾರ?"

"ಕುಂದರ್ರಿ, ಹಿರಿಯರ," ಎಂದರು ಅಧ್ಯಕ್ಷೆಯಾಗಿದ್ದ ಡಾಕ್ಟರು. "ಗುಳಿಗಿನ ಕೊಡಲಿಲ್ಲಂದ ಮ್ಯಾಲ ತೂಗೂದೇನೈತ್ರಿ?"

ಕಾಕಾ ಮೇಜಿನವರೆಗೆ ಹೋಗಿ, ಚೀಲದಿಂದ ಕೈತಕ್ಕಡಿ ತೆಗೆದು ಎತ್ತಿ ಹಿಡಿದರು! ತಟ್ಟೆಗಳು ಖಾಲಿ.

"ಮೇಡಂ, ಅಂಗಡಿಗೆ ಹೋದರ ನಾ ಮೊದಲ ಖಾಲಿ ತಕ್ಕಡಿ ನೋಡಾಂವ. ಸೊನ್ನಿ ತಪ್ಪಿದ್ರ ಮುಂದಿನ ತೂಕೆಲ್ಲಾ ಸುಳ್ಳರಿ."

"ಹಂಗಾದ್ರ ನೀವ ಹೇಳ್ರಿ. ಎಷ್ಟ ಬರೀಲಿ?"

ಕಾಕಾ ಹಾಳೆ ನೋಡಿದರು, ತಕ್ಕಡಿ ನೋಡಿದರು. ಜಗತ್ತಿನ ಸಕಲ ಅಳತೆ ಬಲ್ಲವರಿಗೆ ಒಂದು ಅಂಕಿ ಸಿಗಲಿಲ್ಲ. ಎತ್ತಿ ಹಿಡಿದ ತಕ್ಕಡಿಯ ಮುಳ್ಳು ಅತ್ತ ಇತ್ತ ಓಡಾಡಿತು. ಯಾರೋ ನಕ್ಕರು. ನಾನಲ್ಲ.

ಮೂರನೇ ಸಾಲಿನಿಂದ ಕಾಕು ನಿಧಾನವಾಗಿ ಎದ್ದು ಬಂದರು.

"ಆ ಗುಳಿಗಿ ನುಂಗಿದ್ರ ಹತ್ತೂದಂತೂ ಇಲ್ಲ, ಬರೇ ವಾಂತಿ, ಹಾಸಿಗಿ. ಪರೀಕ್ಷಾದಿಂದ ತಿಳೀತು, ನುಂಗಲಿಲ್ರಿ. ನಾಕ ತಿಂಗಳ ನನ್ನ ಕಾಲಮ್ಯಾಲ ನಿಂತ ರೊಟ್ಟಿ ಬಡದೇನಿ. ದಿನಾ ಇವರಿಗೆ ಬೈದೇನಿ. ಅದು ಸೊನ್ನಿ ಏನ್ರಿ?"

ಹೇಳುತ್ತಲೇ, ನಡುಗುವ ತಟ್ಟೆಯ ಕೆಳಗೆ ಎರಡು ಬೆರಳು ಇಟ್ಟರು. ಮುಳ್ಳು ನಡುವೆ ನಿಂತಿತು.

"ಕೈ ಹಚ್ಚಬ್ಯಾಡ!" ಎಂಬ ಆ ಗರ್ಜನೆಗೆ ನಾನು ಕಾದೆ. ಬರಲಿಲ್ಲ.

"ಹಂಗ ಹಿಡಕೊ," ಎಂದರು ಕಾಕಾ.

ಡಾಕ್ಟರು ಸೊನ್ನೆಯ ಮೇಲೆ ಗೀಟು ಎಳೆದು, "ರೋಗಿಯನ್ನು ಕೇಳಿ ಅಳೆಯಬೇಕು" ಎಂದು ಬರೆದರು. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತಾರು.

ಎರಡನೇ ಪರೀಕ್ಷೆ ಉಚಿತವಾಗಿ ಆಯಿತು. ಮುಂದಿನ ವರ್ಷ ಹೋದವರು ಕಾಕಾ. ಹೃದಯ, ಒಂದೇ ಏಟಿಗೆ. ಈಗಲೂ ಉಪ್ಪು ಹಾಕುವ ಮುನ್ನ ಕಾಕುನ ಚಿಟಿಕೆ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ, ಯಾರೋ ಕೇಳಲಿ ಎಂಬಂತೆ.

ಅಂದು ಆ ಮುಳ್ಳು ನಿಂತದ್ದನ್ನು ಹತ್ತಿರದಿಂದ ಕಂಡವರಲ್ಲಿ ಈಗ ಇರುವವರು ಮೂವರು: ಆ ಡಾಕ್ಟರು, ನಾನು, ಕಾಕು.