ಬಿಸಿಲಿಗೆ ಬಿಟ್ಟ ಗೋಂದು

"ಗೋಂದಿನ ವಿಷಯ ನನಗೇ ಹೇಳ್ಕೊಡ್ತೀಯಾ? ಇಪ್ಪತ್ತೆರಡು ವರ್ಷದಿಂದ ಅಂಚೆ ಕಚೇರಿಯಲ್ಲಿ ಗೋಂದಿನ ಬಟ್ಟಲೊಳಗೇ ಬೆರಳಿಟ್ಕೊಂಡು ಬಾಳ್ತಿರೋನು ನಾನು!"

ಗುಮಾಸ್ತರು ಗುಡುಗಿದ್ದು ಹೆಂಡತಿಯ ಮೇಲೆ, ಸಿಟ್ಟು ಬಂದಿದ್ದು ಕಾರಿನ ಮೇಲೆ. ಹದಿನಾರು ವರ್ಷದ ಆ ಮುದಿ ಕಾರಿನಲ್ಲಿ ಚಾವಣಿಯ ಒಳಬದಿಗೆ ಅಂಟಿಸಿದ್ದ ಬಟ್ಟೆ ಅಲ್ಲಲ್ಲಿ ಅಂಟು ಬಿಟ್ಟು, ಕೂತವರ ನೆತ್ತಿ ಸವರತೊಡಗಿತ್ತು. ಎರಡು ದಿನ ಕಳೆದರೆ ಅದೇ ಕಾರಿನಲ್ಲಿ ಹೆಂಡತಿಯ ಡ್ರೈವಿಂಗ್ ಪರೀಕ್ಷೆ. ಅದೂ ಮೂರನೆಯ ಸಲ! ಮೊದಲೆರಡು ಸಲ ಆಕೆ ಫೇಲಾಗಿದ್ದು ಗಂಡ ಕಲಿಸಿಕೊಟ್ಟ ಹಾಗೆಯೇ ಓಡಿಸಿದ್ದರಿಂದ. ಈ ಸಲ ಪಾಸಾಗಲೇಬೇಕಿತ್ತು. ಬಟ್ಟೆ ಹೊಲಿಯುವ ಆಕೆಗೆ ಆಸ್ಪತ್ರೆಯೊಂದರ ನರ್ಸುಗಳ ಸಮವಸ್ತ್ರದ ಕೆಲಸ ಸಿಕ್ಕಿತ್ತು. ವಾರವಾರವೂ ಬಟ್ಟೆಯ ಗಂಟು ಸಾಗಿಸಬೇಕು. ಗಂಡನ ಬಿಡುವಿಗೆ ಕಾದರೆ ನರ್ಸುಗಳು ನಿವೃತ್ತರಾಗುತ್ತಾರೆ.

"ರೀ, ಸೀಟು ಹೊಲಿಯೋರ ಹತ್ರ ಕೊಟ್ಬಿಡೋಣ. ಬಿಸಿಲು ತಡೆಯೋ ಗೋಂದೇ ಬೇರೆ ಇರುತ್ತಂತೆ."

"ಗೋಂದಿಗೆ ಬೇಸಿಗೆ ಬೇರೆ, ಚಳಿಗಾಲ ಬೇರೆಯಾ? ಅದೇನು ಸ್ವೆಟರಾ?"

ಬೆಳಗಿನ ತಂಪಿನಲ್ಲಿ, ಶೆಡ್ಡಿನ ನೆರಳಲ್ಲಿ ಮಹಾಕಾರ್ಯ ಆರಂಭವಾಯಿತು. ಕಾಗದ ಅಂಟಿಸುವ ಬಿಳಿ ಗೋಂದು ಎರಡು ಡಬ್ಬಿ ಖಾಲಿಯಾಯಿತು. ಅರ್ಧ ಚಾವಣಿಗೆ, ಕಾಲು ಸೀಟಿಗೆ, ಉಳಿದದ್ದು ಗುಮಾಸ್ತರಿಗೆ. ಒಣಗುವ ತನಕ ಪೊರಕೆ, ಕೊಡೆ, ನೆಲ ಒರೆಸುವ ಕೋಲು ಎಲ್ಲವನ್ನೂ ಬಟ್ಟೆಗೆ ಆನಿಸಿ ನಿಲ್ಲಿಸಿದರು. ಮರುದಿನ ನೋಡಿದರೆ ಚಾವಣಿ ಇಸ್ತ್ರಿ ಮಾಡಿದಂತಿತ್ತು.

"ನೋಡು! ಬಟ್ಟೆ ಹರಿದ್ರೂ ಹರೀಬಹುದು, ಗೋಂದು ಬಿಡಲ್ಲ!" ಎಂದು ಅದಕ್ಕೆ ನಾಲ್ಕು ಗುದ್ದು ಗುದ್ದಿದರು. ಗೋಂದು ಬಿಡಲಿಲ್ಲ. ನೆರಳಿನಲ್ಲಿ ಅದೂ ಮರ್ಯಾದಸ್ಥ.

ಪರೀಕ್ಷೆಯ ದಿನ ಹತ್ತು ಗಂಟೆಗೇ ಸಾಲಿನಲ್ಲಿ ನಿಂತರೂ ಸರದಿ ಬಂದಿದ್ದು ಒಂದಕ್ಕೆ. ಅಲ್ಲಿಯವರೆಗೆ ಗಾಜು ಮುಚ್ಚಿದ ಕಾರು ಬಟಾಬಯಲಿನಲ್ಲಿ ಬೆಂದಿತ್ತು. ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತಾಯಿತು.

ಇನ್ಸ್‌ಪೆಕ್ಟರ್ ಮುಂದೆ ಕೂತು, "ಗಂಡನಾ? ಹಿಂದೆ ಕೂತ್ಕೊಳ್ಳಿ. ಬಾಯಿ ಬಿಟ್ರೆ ಇವರು ಫೇಲು!" ಎಂದರು.

ಕಾರು ಹೊರಟಿತು. ಮೊದಲ ತಿರುವಿನಲ್ಲೇ ಇನ್ಸ್‌ಪೆಕ್ಟರರ ತಲೆಯ ಮೇಲೆ ಬಟ್ಟೆ ಮೆಲ್ಲಗೆ ಉಬ್ಬುವುದನ್ನು ಗುಮಾಸ್ತರು ಕಂಡರು. ಉಬ್ಬು ಬೆಳೆದು ತೊಟ್ಟಿಲಾಯಿತು. ಎಂಥ ನಂಬಿಕೆದ್ರೋಹ! ಹೇಳುವಂತಿಲ್ಲ, ನೋಡುತ್ತ ಕೂರುವಂತಿಲ್ಲ. ಮೆಲ್ಲಗೆ ಕೈ ಚಾಚಿ ಎರಡು ಬೆರಳಿನಿಂದ ಒತ್ತಿ ಹಿಡಿದರು.

ಕನ್ನಡಿಯಲ್ಲಿ ಇನ್ಸ್‌ಪೆಕ್ಟರರ ಕಣ್ಣು ಕೆಂಪಾಯಿತು. "ಏನ್ರೀ ಅದು? ಹೆಂಡ್ತಿಗೆ ಕೈಸನ್ನೆ ಮಾಡ್ತಿದ್ದೀರಾ? ಇಳಿಸ್ರೀ ಕೈ!"

ಇಳಿಸಿದರು. ಕೈಯ ಹಿಂದೆಯೇ ಬಟ್ಟೆಯೂ ಇಳಿಯಿತು. ಒಂದು ಮೂಲೆಯಲ್ಲ, ಅರ್ಧವಲ್ಲ, ಈ ತುದಿಯಿಂದ ಆ ತುದಿಯವರೆಗೆ ಇಡೀ ಚಾವಣಿ! ಮೂವರೂ ಒಂದೇ ಮುಸುಕಿನೊಳಗೆ.

"ಅಯ್ಯೋ! ಕತ್ತಲೆ!" ಇನ್ಸ್‌ಪೆಕ್ಟರ್ ಕಿರುಚಿದರು.

"ಗಾಬರಿ ಆಗ್ಬೇಡಿ ಸಾರ್," ಮುಸುಕಿನೊಳಗಿಂದ ಹೆಂಡತಿಯ ತಣ್ಣನೆಯ ದನಿ. "ಬ್ರೇಕ್ ಹಾಕಿದ್ದೀನಿ. ಹ್ಯಾಂಡ್‌ಬ್ರೇಕೂ ಎಳೆದಿದ್ದೀನಿ."

ಇನ್ಸ್‌ಪೆಕ್ಟರ್ ಹೊರಬಂದಾಗ ಅವರ ಟೋಪಿ ಬಟ್ಟೆಯಲ್ಲೇ ಉಳಿದಿತ್ತು, ಮೀಸೆಯ ಒಂದು ಕಡೆ ಕೆನ್ನೆಗೆ ಅಂಟಿತ್ತು. ಬಗ್ಗಿ ಚಕ್ರ ನೋಡಿದರು, ರಸ್ತೆಯ ಗೆರೆ ನೋಡಿದರು. ಚಕ್ರ ಗೆರೆಯನ್ನು ಮುಟ್ಟಿಯೂ ಇರಲಿಲ್ಲ.

"ಕಣ್ಣಿಗೆ ಬಟ್ಟೆ ಬಿದ್ರೂ ನೆಟ್ಟಗೆ ನಿಲ್ಲಿಸಿದ್ರಲ್ಲಮ್ಮ! ಪಾಸು." ಆಮೇಲೆ ಗುಮಾಸ್ತರ ಕಡೆ ತಿರುಗಿ, "ಇದನ್ನ ಅಂಟಿಸಿದ್ದು ಯಾರು?"

"ಬಿಸಿಲು ಸಾರ್! ನಿಮ್ಮ ಈ ಬಯಲಲ್ಲಿ ಒಂದು ಮರ ಆದ್ರೂ ಇದೆಯಾ? ಮೂರು ಗಂಟೆ ಕಾಯಿಸಿದ್ರೆ ಗೋಂದಲ್ಲ, ಮನುಷ್ಯನೇ ಕರಗ್ತಾನೆ! ಇದು ಅನ್ಯಾಯ!" ಗುಮಾಸ್ತರು ಬಿಸಿಲಿನ ಮೇಲೆ, ಸಾಲಿನ ಮೇಲೆ, ಗೋಂದಿನ ಅಂಗಡಿಯವನ ಮೇಲೆ ಹರಿಹಾಯ್ದರು. ಕಾಗದಪತ್ರವೆಲ್ಲ ಮುಗಿದು ಸಂಜೆಯಾದರೂ ಬೈಗುಳ ಮುಗಿಯದಾಗ ಹೆಂಡತಿ ತೋಳು ಹಿಡಿದು ಹಿಂದಿನ ಸೀಟಿಗೆ ತಳ್ಳಿದಳು.

"ಬಟ್ಟೆ ಎತ್ತಿ ಹಿಡ್ಕೊಳ್ಳಿ. ನಂಗೆ ದಾರಿ ಕಾಣ್ಬೇಕು."

ಲೈಸೆನ್ಸಿನ ಧೈರ್ಯದಲ್ಲಿ ಆಕೆಯೇ ಓಡಿಸಿದಳು. ಗುಮಾಸ್ತರು ಎರಡೂ ಅಂಗೈಯಿಂದ ಚಾವಣಿ ಹೊತ್ತು, ದಾರಿಯುದ್ದಕ್ಕೂ ಗೋಂದಿನ ಕುಲವನ್ನೇ ಬೈದರು. ಇಳಿಬಿಸಿಲು, ಕಿಟಕಿಯಿಂದ ತಂಗಾಳಿ ನುಗ್ಗುತ್ತಿತ್ತು. ಪೇಟೆಯ ಸಿಗ್ನಲ್‌ನಲ್ಲಿ ಕಾರು ನಿಂತಾಗ ಕೈ ಸೋತು ಇಳಿಸಲು ನೋಡಿದರು. ಬರಲಿಲ್ಲ. ಎಳೆದರು. ಊಹೂಂ! ತಣ್ಣಗಾದ ಗೋಂದು ಈಗ ಮತ್ತೆ ಬಿಗಿದಿತ್ತು, ನಡುವೆ ಸಿಕ್ಕಿದ ಅಂಗೈಗಳ ಸಮೇತ.

ಎರಡೂ ಕೈ ಮೇಲೆತ್ತಿ ಕೂತ ಗಂಡಸನ್ನು ಕಂಡು ಟ್ರಾಫಿಕ್ ಪೊಲೀಸ್ ಕಿಟಕಿಗೆ ಬಗ್ಗಿದ. "ಏನಮ್ಮಾ, ಇವರನ್ನ ಎಲ್ಲಿ ಹಿಡಿದ್ರಿ?"

"ಹಿಡಿದಿದ್ದಲ್ಲ ಸಾರ್, ಅಂಟ್ಕೊಂಡಿದ್ದು," ಎಂದು ಹೆಂಡತಿ ಗೇರು ಹಾಕಿದಳು. "ಹತ್ತೊಂಬತ್ತು ವರ್ಷ ಆಯ್ತು. ಯಾವ ಬಿಸಿಲಿಗೂ ಬಿಡ್ತಿಲ್ಲ!"