ಮೊದಲ ದೃಶ್ಯದಲ್ಲೇ ಒಪ್ಪಿಬಿಟ್ಟ ಹುಡುಗಿಯ ಅಪ್ಪ

ಹವ್ಯಾಸಿ ನಾಟಕ ಸಂಘ ಎಂದ ಮೇಲೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ ಎಂದು ಸಮಾಧಾನ ಹೇಳುವವರ ಮೇಲೂ ನನಗೆ ಸಿಟ್ಟು ಬರುತ್ತದೆ. ಉರ್ವದ ನಮ್ಮ ಸಂಘದಲ್ಲಿ ಹನ್ನೆರಡು ವರ್ಷ ಬೇರೆಯವರ ಸೀರೆಗೆ ಪಿನ್ನು ಹಾಕಿದ ಮೇಲೆ, ಒಂದು ಹಳೆಯ ಸಂಗೀತ ಹಾಸ್ಯ ನಾಟಕದ ನಿರ್ದೇಶನ ನನಗೆ ಸಿಕ್ಕಿತು. ನೆಮ್ಮದಿ ಅಂದಿಗೇ ಮುಗಿಯಿತು.

ನಾಯಕನ ಪ್ರೀತಿ

ನಾಯಕನಿಗೆ ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ ಕೆಲಸ. ಎರಡು ತಿಂಗಳ ರಿಹರ್ಸಲ್‌ನಲ್ಲಿ ಪ್ರೇಮಗೀತೆಯನ್ನು ಒಮ್ಮೆಯೂ ಶ್ರುತಿಯಲ್ಲಿ ಹಾಡಲಿಲ್ಲ. ಒಂದು ಭಾನುವಾರ ತಡೆಯಲಾರದೆ ಬೈದೆ. ಎದುರಿಗಿರುವವಳನ್ನು ಪ್ರೀತಿಸುವ ಹಾಗೆ ಹಾಡು, ಮೆಷಿನ್ ಕೆಟ್ಟಿತೆಂದು ಮ್ಯಾನೇಜರಿಗೆ ಹೇಳುವ ಹಾಗೆ ಬೇಡ ಎಂದೆ.

ಅವನು ಎದುರಿಗಿದ್ದ ನಾಯಕಿಯನ್ನು ಒಮ್ಮೆ ನೋಡಿದ. "ಅಕ್ಕ, ಮೆಷಿನ್ ಕೆಟ್ಟರೆ ನನಗೆ ನಿಜವಾಗಿ ಬೇಸರ ಆಗ್ತದೆ. ಇವರ ವಿಷಯದಲ್ಲಿ ಹಾಗೆ ಎಂತದ್ದೂ ಇಲ್ಲ."

ನಾಯಕಿ ಎರಡು ವಾರ ರಿಹರ್ಸಲ್‌ಗೆ ಬರಲಿಲ್ಲ.

ಅಧ್ಯಕ್ಷರ ಎರಡು ಮಾತು

ನಮ್ಮ ಅಧ್ಯಕ್ಷರದ್ದು ಹೋಟೆಲ್ ವ್ಯಾಪಾರ. ಪ್ರದರ್ಶನದ ದಿನ ಪರದೆ ಏಳುವ ಮೊದಲು ಎರಡು ಮಾತು ಆಡಲಿ ಎಂದು ಬಿಟ್ಟೆವು. ನಾಟಕ ಓದಿದ್ದೇನೆ ಎಂದು ತೋರಿಸಲಿಕ್ಕೆ ಅದರ ಜೋಕುಗಳನ್ನೆಲ್ಲ ಒಂದೊಂದಾಗಿ ಹೇಳಿಬಿಟ್ಟರು. ಜನ ಹೊಟ್ಟೆ ಹಿಡಿದು ನಕ್ಕರು. ಪರದೆಯ ಹಿಂದೆ ನಾನು ಹಲ್ಲು ಕಡಿಯುತ್ತಿದ್ದೆ. ಅವರು ಒಳಗೆ ಬಂದಾಗ, ನಮಗೆ ಎಂತದ್ದೂ ಉಳಿಸಲಿಲ್ಲವಲ್ಲ ಎಂದೆ.

"ಕೊನೆ ಹೇಳಲಿಲ್ಲ ಮಾರಾಯ್ತಿ," ಎಂದರು ಹೆಮ್ಮೆಯಿಂದ. "ನಾನು ಅಲ್ಲಿವರೆಗೆ ಓದಿಲ್ಲ."

ಸತ್ತವಳ ಸಿಟ್ಟು

ಹುಡುಗಿಯ ಅಪ್ಪನ ಪಾತ್ರ ಕಾಟಿಪಳ್ಳದ ಒಬ್ಬ ನಿವೃತ್ತ ಮೇಷ್ಟ್ರದ್ದು. ಮದುವೆಗೆ ಅಪ್ಪ ಒಪ್ಪುವುದಿಲ್ಲ, ಎರಡು ಗಂಟೆಯ ನಾಟಕ ನಿಂತಿರುವುದೇ ಅದರ ಮೇಲೆ. ಅವತ್ತು ಮೊದಲ ದೃಶ್ಯದಲ್ಲಿ ನಾಯಕ ಅದು ಹೇಗೋ ಅದ್ಭುತವಾಗಿ ಹಾಡಿದ. ಮೇಷ್ಟ್ರು ಕಣ್ಣೊರೆಸಿಕೊಂಡು, "ಆಯ್ತು ಮಗ, ಮದುವೆ ಮಾಡಿಕೊಡ್ತೇನೆ," ಎಂದುಬಿಟ್ಟರು.

ನಾಟಕ ಹತ್ತೇ ನಿಮಿಷದಲ್ಲಿ ಮುಗಿದ ಹಾಗಾಯಿತು. ನನ್ನ ತಲೆ ಕೆಟ್ಟಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ರಂಗಕ್ಕೆ ನುಗ್ಗಿದೆ. "ನಾನು ಹುಡುಗಿಯ ಅಮ್ಮ. ನನ್ನನ್ನು ಕೇಳದೆ ಎಂತ ಮದುವೆ?"

ನಾಟಕದಲ್ಲಿ ಹುಡುಗಿಗೆ ಅಮ್ಮ ಇಲ್ಲ, ತೀರಿಕೊಂಡಿದ್ದಾಳೆ. ಗೋಡೆಯಲ್ಲಿ ಅವಳ ಫೋಟೋ ಬೇಕಿತ್ತು. ಹಾರ ಹಾಕಿಸಿಕೊಳ್ಳಲು ಯಾರೂ ತಮ್ಮ ಫೋಟೋ ಕೊಡದ ಕಾರಣ ಅಲ್ಲಿ ತೂಗುತ್ತಿದ್ದದ್ದು ನನ್ನದೇ. ಜನ ಫೋಟೋ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದ ನಗು ಐದು ನಿಮಿಷ ನಿಲ್ಲಲಿಲ್ಲ. ಮೇಷ್ಟ್ರು ಕೈಮುಗಿದು, ಅವಳು ಬೇಡವೆಂದರೆ ನನಗೂ ಬೇಡ ಎಂದರು. ನಾಟಕ ಮುಂದುವರಿಯಿತು. ಎರಡು ಗಂಟೆ ನಾನು ಎಲ್ಲರನ್ನೂ ಬೈದೆ, ಒಂದು ಮಾತೂ ಅಭಿನಯವಲ್ಲ.

ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ನನ್ನ ಕೈ ಹಿಡಿದರು. "ನೀವು ಬದುಕಿದ್ದಾಗ ಮನೆಯವರಿಗೆ ಎಷ್ಟು ಕಷ್ಟ ಆಗಿರಬಹುದು ಮಗ!"