ರಿಸರ್ವ್ಡ್ ಹುಡುಗನ ಮಾವ

ಮೂವತ್ತು ವರ್ಷ ಬ್ರಹ್ಮಾವರದ ಕಡೆ ಇಂಗ್ಲಿಷ್ ಮಾಷ್ಟ್ರಾಗಿದ್ದವನು ನಾನು. ಮಕ್ಕಳಾದರೂ ಪರೀಕ್ಷೆಗೆ ಮಾತ್ರ ಅರ್ಥ ಕೇಳುತ್ತಿದ್ದರು. ನಿವೃತ್ತನಾದ ಮೇಲೆ ಊರಿಗೆ ಊರೇ ಕೇಳುತ್ತದೆ, ಅದೂ ನಾನು ಊಟಕ್ಕೆ ಕೂತಾಗಲೇ.

ಬಯೋಡಾಟಾ

ಹೆಮ್ಮಾಡಿಯ ತಂಗಿಗೆ ಮಗನ ಮದುವೆಯ ಚಿಂತೆ. ಹುಡುಗ ಬೋಟಿನ ಎಂಜಿನ್ ರಿಪೇರಿಯಲ್ಲಿ ಗಟ್ಟಿಗ. ಬಾಯಿ ಮಾತ್ರ ಬಿಡುವುದಿಲ್ಲ. ಅಷ್ಟಕ್ಕೇ ಎರಡು ಸಂಬಂಧ ತಪ್ಪಿದ್ದವು.

"ಅಣ್ಣಾ, ಸ್ವಭಾವ ಅಂದಲ್ಲಿ ಎಂತ ಬರೆವುದು? ಮಾತಾಡುದಿಲ್ಲ ಅಂತ ಬರೆಯುಕಾತ್ತಾ?"

"ರಿಸರ್ವ್ಡ್" ಎಂದು ಬರೆದೆ. ಅರ್ಥ ಹೇಳಿದೆ. ತಂಗಿಯ ಮುಖ ಅರಳಿತು.

"ಇಂಗ್ಲಿಷಂಗೆ ಹೇಳ್ರೆ ನಮ್ಮ್ ಮಾಣಿಯೂ ಎಷ್ಟ್ ಚೆಂದ ಕಾಂತ ಕಾಣಿ!"

ಸಾಲಿಗ್ರಾಮದ ಫೋನು

ವಾರದೊಳಗೆ ದಲ್ಲಾಳಿಯ ಫೋನು. "ಹ್ವಾಯ್ ಮಾಷ್ಟ್ರೇ, ಸಾಲಿಗ್ರಾಮದ ಹೆಣ್ಣಿನ ಕಡೆಯವ್ರ್ ಕೇಂತ್ರ್. ಈ ರಿಸರ್ವ್ಡ್ ಹುಟ್ಟಿದಲ್ಲಿಂದ ಇತ್ತಾ, ಈಗ ಶುರುವಾದ್ದಾ? ಮದ್ದ್ ಮಾಡ್ತಾ ಇದ್ರಾ?"

"ಅದು ಕಾಯಿಲೆ ಅಲ್ಲ ಮಾರಾಯ್ರೆ!" ಎಂದು ಶುರು ಮಾಡಿ ಅರ್ಧ ಗಂಟೆ ವಿವರಿಸಿದೆ. ಅಂತರ್ಮುಖಿ ಎಂದೆ, ಮಿತಭಾಷಿ ಎಂದೆ, ಉದಾಹರಣೆಗಳನ್ನೂ ಕೊಟ್ಟೆ. ಅವರು ಅದನ್ನಷ್ಟೂ ಅಲ್ಲಿಗೆ ಮುಟ್ಟಿಸಿದರು. ಸಂಜೆ ಉತ್ತರ ಬಂತು:

"ಕಾಯಿಲೆ ಇಲ್ಲ ಅಂಬುಕೆ ಅರ್ಧ ಗಂಟೆ ಬೇಕಾದ್ರೆ, ಕಾಯಿಲೆ ದೊಡ್ಡದೇ ಇರ್ಕ್ ಅಂದ್ರ್ ಮಾಷ್ಟ್ರೇ."

ಬೈಂದೂರಿನ ಜಗಲಿ

ನಾಲ್ಕನೆಯದು ಬೈಂದೂರಿನ ಸಂಬಂಧ. ಇದೂ ತಪ್ಪಿದರೆ ಮಗನ ಮದುವೆಯ ಆಸೆಯನ್ನೇ ಬಿಡುತ್ತೇನೆಂದು ತಂಗಿ ದಾರಿಯುದ್ದಕ್ಕೂ ಕಣ್ಣೊರೆಸಿದಳು. ಹೆಣ್ಣು ನೋಡಲು ಹೋದಾಗ ಗಂಡಿನ ಪರ ಮಾತಾಡಬೇಕಾದವನು ಸೋದರಮಾವ. ನಾನು ಕರ್ತವ್ಯಕ್ಕೆ ತಪ್ಪುವವನೇ?

ಹುಡುಗಿಯ ಅಪ್ಪ ಹುಡುಗನ ಕೆಲಸ ಕೇಳಿದರು, ಹೇಳಿದೆ. ಊಟಕ್ಕೆ ಎಂತ ಇಷ್ಟ ಎಂದರು. ಕೋಳಿ, ರೊಟ್ಟಿ ಎಂದೆ. ಆಮೇಲೆ, ಅವರು ಕೇಳದಿದ್ದರೂ, ರಿಸರ್ವ್ಡ್ ಎಂಬುದರ ಅರ್ಥವನ್ನು ಬುಡದಿಂದ ಎತ್ತಿಕೊಂಡೆ. ತಂಗಿ ತೊಡೆ ಚಿವುಟಿದಳು. ಯಾಕೆಂದು ಅವಳನ್ನೇ ಕೇಳಿದೆ.

ಕೊನೆಗೆ ಹುಡುಗಿಯೇ ಬಾಯಿಬಿಟ್ಟಳು. "ಮಾಷ್ಟ್ರೇ, ಒಂದ್ ಗಳಿಗೆ ಹೊರ್ಗೆ ಕೂಕಂತ್ರಿಯಾ? ಚಾ ಅಲ್ಲಿಗೇ ತಂದ್ ಕೊಡ್ತೆ."

ಜಗಲಿಯಲ್ಲಿ ಚಾ ಆರಿತು. ಒಳಗಿನಿಂದ ನಗು ಕೇಳಿತು, ಮಾತು ಕೇಳಿತು. ಬಗ್ಗಿ ನೋಡಿದರೆ ನಮ್ಮ ಹುಡುಗ! ಎಂಜಿನ್ನಿನ ಕಥೆಯಂತೆ, ಕೈ ಬೀಸಿ ಬೀಸಿ ಹೇಳುತ್ತಿದ್ದಾನೆ. ಹುಡುಗಿ ಒಪ್ಪಿದಳು. ತಂಗಿ ಈಗ ಖುಷಿಗೆ ಅತ್ತಳು.

ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಲ್ದಾ ಮಾರಾಯಾ, ಇಷ್ಟ್ ಮಾತ್ ಬತ್ತಿತ್ತಾ ನಿಂಗೆ? ಇಷ್ಟ್ ವರ್ಷ ನನ್ನ್ ಎದ್ರಿಗೆ ಒಂದಾದ್ರೂ ಆಡುಕಾಗ್ದಾ?"

ಅವನು ನಿಧಾನಕ್ಕೆ ಹೇಳಿದ: "ಮಾವಾ, ಸಣ್ಣ ಪ್ರಾಯದಿಂದ್ಲೂ ಕಾಯ್ತಾ ಇದ್ದೆ. ನೀವ್ ಮಾತ್ ನಿಲ್ಸ್ಕಲ್ದಾ?"